ಹರಿವ ನೀರಿಗೆ ಕಾವಲು

ಸಾಲ್ಮನ್ ಮೀನಿನ ಹ್ಯಾಚರಿಗೆ, ಎಂದರೆ ಮೊಟ್ಟೆಯೊಡೆಸಿ ಮರಿ ಬೆಳೆಸುವ ಕೇಂದ್ರಕ್ಕೆ, ಕೆಲಸಕ್ಕೆ ಸೇರಿದವರು ಮೊದಲು ಕಲಿಯುವುದು ನೀರಿನ ಸದ್ದಿಗೆ ಕಿವಿ ಕೊಡುವುದನ್ನು. ಬೆಟ್ಟದ ಮೇಲಿನ ಕೆರೆಯಿಂದ ದಪ್ಪ ಪೈಪಿನಲ್ಲಿ ಇಳಿದು ಬರುವ ತಣ್ಣೀರು ಸಾಲುಸಾಲು ಪೆಟ್ಟಿಗೆಗಳ ಮೂಲಕ ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಪೆಟ್ಟಿಗೆಗಳ ತುಂಬ ಮೊಟ್ಟೆ, ಇಲ್ಲವೇ ಈಗಷ್ಟೇ ಒಡೆದು ಬಂದ ಮರಿ. ಅವು ಬದುಕಿರುವುದು ಆ ನೀರಿನಲ್ಲಿ ಕರಗಿರುವ ಆಮ್ಲಜನಕದಿಂದ. ಮರಗೆಲಸದ ಕೊಠಡಿಯಲ್ಲಿದ್ದರೂ, ಅಡುಗೆಮನೆಯಲ್ಲಿದ್ದರೂ, ನಡುರಾತ್ರಿ ಹಾಸಿಗೆಯಲ್ಲಿದ್ದರೂ ಹಳಬರ ಕಿವಿ ಆ ಸದ್ದಿನ ಮೇಲೇ ಇರುತ್ತದೆ. ಅದು ಒಂದಿಷ್ಟು ತಗ್ಗಿದರೂ ಎದ್ದು ಕೂರುತ್ತಾರೆ. ಹರಿವು ನಿಂತು ಆಮ್ಲಜನಕ ತೀರಿದರೆ ಒಂದು ವರ್ಷದ ದುಡಿಮೆ ಬೆಳಗಾಗುವುದರೊಳಗೆ ಹೋಗಿಬಿಡಬಹುದು.

ಇಂಥ ಒಂದು ಹ್ಯಾಚರಿ ಅಲಾಸ್ಕಾದ ದಕ್ಷಿಣ ಕರಾವಳಿಯ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಒಳಗಡಲಿನಲ್ಲಿದೆ. ಆ ಒಳಗಡಲಿನ ನೈರುತ್ಯ ಅಂಚಿನ ಇವಾನ್ಸ್ ದ್ವೀಪದಲ್ಲಿ ಸಾಮಿಲ್ ಎಂಬ ಪುಟ್ಟ ಕೊಲ್ಲಿ. ಹಿಂದೆ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಇದ್ದ ದಡದಲ್ಲೇ 1970ರ ದಶಕದ ನಡುವಿನಲ್ಲಿ ಹ್ಯಾಚರಿ ಎದ್ದಿತು. ಈಗ ಅದಕ್ಕೆ ಆರ್ಮಿನ್ ಎಫ್. ಕೋರ್ನಿಗ್ ಅವರ ಹೆಸರು. ಮೀನುಗಾರರೇ ಸೇರಿ ಹ್ಯಾಚರಿ ನಡೆಸುವ ಸಂಸ್ಥೆಯನ್ನು ಕಟ್ಟಲು ಮುಂದೆ ನಿಂತವರಲ್ಲಿ ಅವರೊಬ್ಬರು. ಅಲ್ಲಿಗೆ ರಸ್ತೆಯಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ. ಸಂಸ್ಥೆಯ ಮುಖ್ಯ ಕಚೇರಿಯಿರುವ ಕಾರ್ಡೋವಾ ಪಟ್ಟಣಕ್ಕೂ ಹೊರಗಿನಿಂದ ರಸ್ತೆಯಿಲ್ಲ. ದ್ವೀಪದಲ್ಲಿ ನೆರೆಯೆಂದರೆ ಚೆನೆಗಾ ಎಂಬ ಅಲೂಟಿಕ್ ಜನರ ಹಳ್ಳಿ. 1964ರ ಮಾರ್ಚ್ 27ರಂದು 9.2 ತೀವ್ರತೆಯ ಭೂಕಂಪ ಆಗಿ, ಹಿಂದೆಯೇ ಎದ್ದ ಅಲೆ ಬೇರೊಂದು ದ್ವೀಪದಲ್ಲಿದ್ದ ಆ ಜನರ ಹಳೆಯ ಹಳ್ಳಿಯನ್ನು ಗುಡಿಸಿಹಾಕಿತು. ಊರಿನ ಮೂರನೇ ಒಂದು ಪಾಲು ಜನ ಸತ್ತರು. ಉಳಿದವರು ಇಪ್ಪತ್ತು ವರ್ಷ ಅಲ್ಲಲ್ಲಿ ಚದುರಿಕೊಂಡಿದ್ದು 1984ರಲ್ಲಿ ಇಲ್ಲಿಗೆ ಬಂದು ಮತ್ತೆ ಊರು ಕಟ್ಟಿದರು.

ಹ್ಯಾಚರಿಯ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಆಗಸ್ಟ್‌ನಲ್ಲಿ. ಆಗ ಮೀನು ಮರಳಿ ಬರುತ್ತದೆ.

ಇಲ್ಲಿ ಮುಖ್ಯವಾಗಿ ಸಾಕುವುದು ಪಿಂಕ್ ಸಾಲ್ಮನ್. ಅಲಾಸ್ಕಾದ ಐದು ಬಗೆಯ ಸಾಲ್ಮನ್‌ಗಳಲ್ಲಿ ಗಾತ್ರಕ್ಕೆ ಚಿಕ್ಕದು, ಎಣಿಕೆಗೆ ಹೆಚ್ಚಿನದು. ಅದರ ಆಯಸ್ಸು ಎರಡೇ ವರ್ಷ, ಈ ಲೆಕ್ಕ ತಪ್ಪುವುದು ತೀರಾ ಅಪರೂಪ. ಹೀಗಾಗಿ ಬೆಸ ವರ್ಷದಲ್ಲಿ ಹುಟ್ಟಿದ ಸಂತತಿ ಬೇರೆ, ಸಮ ವರ್ಷದ್ದು ಬೇರೆ. ಒಂದೇ ಹೊಳೆಯಲ್ಲಿ ಹುಟ್ಟಿದರೂ ಅವೆರಡೂ ಬೆರೆಯುವುದಿಲ್ಲವೆಂದೇ ಹೇಳಬಹುದು. ಹುಟ್ಟಿದ ಮೊದಲ ವಸಂತದಲ್ಲೇ ಕಡಲಿಗಿಳಿದು, ಉತ್ತರ ಪೆಸಿಫಿಕ್‌ನಲ್ಲಿ ತಿಂದು ಬೆಳೆದು, ಮರುವರ್ಷ ತಾನು ಹೊರಟ ನೀರಿನ ವಾಸನೆ ಹಿಡಿದು ಅದೇ ಕೊಲ್ಲಿಗೆ ಬರುತ್ತದೆ. ಹೊಳೆಯ ಬಾಯಿ ಸಮೀಪಿಸಿದ ಮೇಲೆ ಆಹಾರ ಮುಟ್ಟುವುದಿಲ್ಲ. ಬೆಳ್ಳಿ ಬಣ್ಣ ಮಾಸುತ್ತದೆ, ಗಂಡಿನ ಬೆನ್ನು ಗೂನಾಗಿ ಉಬ್ಬುತ್ತದೆ, ಮೂತಿ ಕೊಕ್ಕೆಯಾಗಿ ಬಾಗುತ್ತದೆ. ಅಲ್ಲಿನ ಮೀನುಗಾರರು ಇದನ್ನು 'ಹಂಪಿ' ಎಂದು ಕರೆಯುವುದು ಈ ಗೂನಿನಿಂದಲೇ. ಮೊಟ್ಟೆಯಿಟ್ಟ ಮೇಲೆ ಗಂಡು, ಹೆಣ್ಣು ಎರಡೂ ಸಾಯುತ್ತವೆ. ಹ್ಯಾಚರಿಗೆ ಬಂದರೂ ಸಾಯುತ್ತವೆ, ಕಾಡಿನ ಹಳ್ಳಕ್ಕೆ ಹೋದರೂ ಸಾಯುತ್ತವೆ. ಮೊದಲ ವರ್ಷ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ಇದು ಮನಸ್ಸಿಗೆ ಇಳಿಯಲು ಸ್ವಲ್ಪ ಸಮಯ ಹಿಡಿಯುತ್ತದೆ, ಏಕೆಂದರೆ ಮುಂದಿನ ಕೆಲವು ವಾರ ಅವರು ಮಾಡುವುದು ಕೊಲ್ಲುವ ಕೆಲಸ.

ಕೊಲ್ಲಿ ಆಗ ಮೀನಿನಿಂದ ಕಪ್ಪಾಗಿರುತ್ತದೆ. ಸಿಹಿನೀರು ಹೊರಬೀಳುವ ಕಡೆಗೆ ಮೀನು ತಾನಾಗಿಯೇ ನುಗ್ಗಿ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಾಲುವೆಯನ್ನು ಹಾರಿ ಹಾರಿ ಏರಿ, ಉದ್ದನೆಯ ತೊಟ್ಟಿಗಳಿಗೆ ಬಂದು ಸೇರುತ್ತದೆ. ಅಲ್ಲಿಂದ ಮೇಜಿಗೆ. ಒಬ್ಬರು ಗಂಡು ಹೆಣ್ಣು ಬೇರ್ಪಡಿಸುತ್ತಾರೆ. ಹೆಣ್ಣಿನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡುವವರು ಇನ್ನೊಬ್ಬರು: ಮೊಟ್ಟೆ ಸಡಿಲವಾಗಿ ಒಳಗೆ ಜಾರಾಡಿದರೆ ಹಣ್ಣಾಗಿದೆ, ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಇನ್ನೂ ಕಾಯಬೇಕು. ಕಾಯುವುದಾದರೂ ಎಷ್ಟು ದಿನ? ಹೆಚ್ಚು ಕಾದರೆ ಮೊಟ್ಟೆ ಕೆಡುತ್ತದೆ. ಈ ತೀರ್ಮಾನವನ್ನು ಯಂತ್ರ ಮಾಡಿಕೊಡುವುದಿಲ್ಲ, ಬೆರಳೇ ಮಾಡಬೇಕು. ಆಮೇಲೆ ಚಿಕ್ಕ ಬಾಗಿದ ಅಲಗಿನ ಚಾಕುವಿನಿಂದ ಹೊಟ್ಟೆಯ ಉದ್ದಕ್ಕೂ ಒಂದೇ ಸೀಳು. ಅಲಗು ಆಳಕ್ಕೆ ಹೋದರೆ ಮೊಟ್ಟೆ ಒಡೆಯುತ್ತದೆ, ಮೇಲೆಯೇ ಉಳಿದರೆ ಚರ್ಮ ಬಿಡುವುದಿಲ್ಲ. ಸರಿಯಾಗಿ ಬಿದ್ದ ಸೀಳಿನಿಂದ ಕಿತ್ತಳೆ ಬಣ್ಣದ ಮೊಟ್ಟೆಗಳು ಬಕೆಟ್ಟಿಗೆ ಸುರಿಯುತ್ತವೆ, ಒಂದು ಹೆಣ್ಣಿಗೆ ಸುಮಾರು ಒಂದೂವರೆಯಿಂದ ಎರಡು ಸಾವಿರ.

ಇಲ್ಲಿ ಒಂದು ಹನಿ ನೀರೂ ಬಕೆಟ್ಟಿಗೆ ಬೀಳಬಾರದು. ಕೈ ಒರೆಸಿಕೊಳ್ಳಬೇಕು, ಮೀನಿನ ಮೈ ಒರೆಸಬೇಕು, ಮಳೆ ಸುರಿಯುತ್ತಿದ್ದರೆ ತಗಡಿನ ಚಾವಣಿಯ ಕೆಳಗೇ ನಿಲ್ಲಬೇಕು. ಸಾಲ್ಮನ್‌ನ ವೀರ್ಯಾಣು ನೀರು ತಾಗಿದ ಕೂಡಲೇ ಚುರುಕಾಗುತ್ತದೆ, ಆದರೆ ಆ ಚುರುಕು ಒಂದು ನಿಮಿಷವೂ ಉಳಿಯುವುದಿಲ್ಲ. ಮೊಟ್ಟೆಯದೂ ಅದೇ ಕತೆ. ನೀರು ಕುಡಿಯತೊಡಗಿತೆಂದರೆ ವೀರ್ಯಾಣು ಒಳಹೋಗುವ ಸೂಕ್ಷ್ಮ ರಂಧ್ರ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಒಣ ಬಕೆಟ್ಟಿನಲ್ಲೇ ಗಂಡಿನ ಹೊಟ್ಟೆ ಹಿಂಡಿ, ಬಿಳಿ ವೀರ್ಯವನ್ನು ಮೊಟ್ಟೆಗಳ ಮೇಲೆ ಬೀಳಿಸಿ, ಕೈಯಿಂದ ಮೆಲ್ಲನೆ ಬೆರೆಸಿ, ಆಮೇಲೆ ನೀರು ಹಾಕುತ್ತಾರೆ. ತೊಳೆದು, ಅಯೋಡಿನ್ ದ್ರಾವಣದಲ್ಲಿ ಸೋಂಕು ಕಳೆದು, ಒಂದು ಗಂಟೆಗೂ ಹೆಚ್ಚು ಹೊತ್ತು ಹಾಗೆಯೇ ಬಿಡುತ್ತಾರೆ. ಅಷ್ಟರಲ್ಲಿ ಮೆತ್ತಗಿದ್ದ ಮೊಟ್ಟೆ ನೀರು ಹೀರಿ ಉಬ್ಬಿ, ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ.

ದೊಡ್ಡ ಹ್ಯಾಚರಿಯೊಂದು ಒಂದು ಋತುವಿನಲ್ಲಿ ಹೀಗೆ ಹತ್ತು ಕೋಟಿಗೂ ಹೆಚ್ಚು ಮೊಟ್ಟೆ ತೆಗೆಯುತ್ತದೆ. ಎಂದರೆ ಐವತ್ತು ಸಾವಿರಕ್ಕೂ ಹೆಚ್ಚು ಸೀಳು. ಅದೂ ಕೆಲವೇ ವಾರಗಳಲ್ಲಿ. ವರ್ಷವಿಡೀ ಕೈಬೆರಳೆಣಿಕೆಯ ಜನ ಇರುವ ಜಾಗಕ್ಕೆ ಆಗ ತಾತ್ಕಾಲಿಕ ಕೆಲಸಗಾರರು ಬಂದು ತುಂಬುತ್ತಾರೆ. ಕಾಲೇಜು ಮುಗಿಸಿದವರು, ಮೀನುಗಾರಿಕೆ ಕಲಿಯುತ್ತಿರುವವರು, ಒಂದು ಬೇಸಿಗೆಯಾದರೂ ಇಂಥ ಕಡೆ ಕಳೆಯಬೇಕೆಂದು ಹಟ ಹಿಡಿದವರು. ಕಿತ್ತಳೆ ಬಣ್ಣದ ರಬ್ಬರ್ ದಿರಿಸು, ಮೊಣಕಾಲಿನವರೆಗಿನ ಕಂದು ಬಣ್ಣದ ಎಕ್ಸ್‌ಟ್ರಾಟಫ್ ಬೂಟು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಮೀನಿನ ಲೋಳೆ ಕೂದಲಿಗೂ ಅಂಟುತ್ತದೆ. ಮಣಿಕಟ್ಟು ಊದಿಕೊಂಡು ರಾತ್ರಿ ಬಾಗಿಲ ಹಿಡಿಕೆ ತಿರುಗಿಸಲೂ ಆಗದಂತಾಗುತ್ತದೆ. ಈ ಕೆಲಸವನ್ನು ಕೌಶಲವಿಲ್ಲದ ಕೂಲಿ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಮೊಟ್ಟೆ ಹಣ್ಣಾಗಿದೆಯೇ ಇಲ್ಲವೇ ಎಂದು ಬೆರಳ ತುದಿಯಲ್ಲಿ ಅರಿಯುವವರ ಮೇಲೆ ಎರಡು ವರ್ಷ ಕಳೆದ ಮೇಲಿನ ಮೀನುಗಾರಿಕೆ ನಿಂತಿದೆ.

ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಬಂದವರೆಲ್ಲ ಹೊರಡುತ್ತಾರೆ. ಮೊಟ್ಟೆಗಳ ಜೊತೆ ಉಳಿಯುವವರು ಕೆಲವರೇ.

ನಮ್ಮ ಕಾಟ್ಲಾ, ರೋಹು ಮೀನುಗಳ ಮೊಟ್ಟೆ ಬೆಚ್ಚನೆಯ ನೀರಿನಲ್ಲಿ ಒಂದು ದಿನ ತುಂಬುವುದರೊಳಗೆ ಒಡೆದು ಮರಿಯಾಗುತ್ತದೆ. ಭದ್ರಾ ಜಲಾಶಯದ ಬಳಿಯ ಮೀನುಮರಿ ಕೇಂದ್ರದಲ್ಲಿ ಸಂಜೆ ಮೊಟ್ಟೆ ಬಿಡಿಸಿದವರು ಮರುದಿನ ಮರಿ ನೋಡಬಹುದು. ಸಾಲ್ಮನ್ ಹ್ಯಾಚರಿಯಲ್ಲಿ ಅದೇ ಕೆಲಸಕ್ಕೆ ತಿಂಗಳುಗಳು ಬೇಕು. ಚಳಿಯೇ ಅಲ್ಲಿನ ಗಡಿಯಾರ. ದಿನದ ಸರಾಸರಿ ನೀರಿನ ಉಷ್ಣತೆಯನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುತ್ತಾರೆ. ಐದು ಡಿಗ್ರಿ ಸೆಲ್ಸಿಯಸ್‌ನ ನೀರು ನೂರು ದಿನ ಹರಿದರೆ ಐನೂರು ಅಂಶ. ಪಿಂಕ್ ಸಾಲ್ಮನ್ ಮೊಟ್ಟೆ ಒಡೆಯುವುದು ಹೆಚ್ಚುಕಡಿಮೆ ಆ ಲೆಕ್ಕದ ಆಸುಪಾಸಿನಲ್ಲಿ. ಕ್ಯಾಲೆಂಡರಿನ ತಾರೀಕಿಗೆ ಬೆಲೆಯಿಲ್ಲ; ಗೋಡೆಯ ಮೇಲಿನ ಹಾಳೆಯಲ್ಲಿ ದಿನವೂ ಬರೆದುಕೊಳ್ಳುವ ಈ ಮೊತ್ತವೇ ಮುಂದಿನ ಕೆಲಸ ಯಾವುದೆಂದು ಹೇಳುತ್ತದೆ.

ಮೊದಲ ವಾರಗಳಲ್ಲಿ ಮೊಟ್ಟೆಯನ್ನು ಅಲುಗಿಸುವಂತಿಲ್ಲ, ಅಲುಗಿಸಿದರೆ ಒಳಗಿನ ಭ್ರೂಣ ಸಾಯುತ್ತದೆ. ಬೆಳಕೂ ಒಳ್ಳೆಯದಲ್ಲ. ಕಾವು ಕೊಠಡಿಯನ್ನು ಕತ್ತಲಲ್ಲೇ ಇಟ್ಟು, ಮಂದ ದೀಪದಲ್ಲಿ ಓಡಾಡುತ್ತಾರೆ. ಮೊಟ್ಟೆಯ ಗೋಡೆಯ ಮೂಲಕ ಎರಡು ಕಪ್ಪು ಚುಕ್ಕೆ ಕಾಣಿಸಿದ ದಿನ ಎಲ್ಲರ ಮುಖದಲ್ಲಿ ಗೆಲುವು ಮೂಡುತ್ತದೆ, ಏಕೆಂದರೆ ಅವು ಕಣ್ಣುಗಳು. ಇನ್ನು ಮೊಟ್ಟೆ ಗಟ್ಟಿಜೀವ. ಈಗ ಬೇಕೆಂದೇ ಅವುಗಳನ್ನು ಎತ್ತರದಿಂದ ಸುರಿದು ಕುಲುಕುತ್ತಾರೆ. ಜೀವವಿರುವುದು ತಡೆದುಕೊಳ್ಳುತ್ತದೆ. ಫಲಿಸದೆ ಉಳಿದದ್ದರ ಒಳಪೊರೆ ಹರಿದು, ನೀರು ನುಗ್ಗಿ, ಭಂಡಾರ ಹೆಪ್ಪುಗಟ್ಟಿ, ಮೊಟ್ಟೆ ಸುಣ್ಣದ ಬಿಳಿಗೆ ತಿರುಗುತ್ತದೆ. ಬಿಳಿಯದನ್ನು ಬೆಳಕಿನ ಕಣ್ಣಿನಿಂದ ಗುರುತಿಸಿ ಬೇರ್ಪಡಿಸುವ ಯಂತ್ರಗಳಿವೆ. ಆದರೂ ತಪ್ಪಿಸಿಕೊಂಡವನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕುವ ಕೆಲಸ ಉಳಿದೇ ಉಳಿಯುತ್ತದೆ. ಸತ್ತ ಒಂದು ಮೊಟ್ಟೆಗೆ ಹತ್ತಿದ ಬೂಸ್ಟು ಕೆಲವೇ ದಿನಗಳಲ್ಲಿ ಸುತ್ತಲಿನ ಜೀವಂತ ಮೊಟ್ಟೆಗಳನ್ನೂ ನುಂಗುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ, ಒಳಗೆ ತಟ್ಟೆಯ ಮೇಲೆ ಬಾಗಿ, ಬಿಳಿ ಮೊಟ್ಟೆ ಹೆಕ್ಕುತ್ತ ಗಂಟೆಗಳು ಕಳೆಯುತ್ತವೆ.

ಇದೇ ತಿಂಗಳುಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಹ್ಯಾಚರಿಯ ಬಗ್ಗೆ ಓದಿದ್ದರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಅದು. ಮೀನಿನ ತಲೆಯೊಳಗೆ, ಸಮತೋಲಕ್ಕೂ ಕೇಳುವುದಕ್ಕೂ ನೆರವಾಗುವ ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ, ಕಿವಿಗಲ್ಲುಗಳು. ಮರಿ ಇನ್ನೂ ಮೊಟ್ಟೆಯಲ್ಲಿರುವಾಗಲೇ ಅವು ದಿನದಿನವೂ ಪದರ ಪದರವಾಗಿ ಬೆಳೆಯುತ್ತವೆ. ನೀರಿನ ಉಷ್ಣತೆ ಏಕಾಏಕಿ ಕೆಲವು ಡಿಗ್ರಿ ಬದಲಾದರೆ ಆ ದಿನದ ಪದರ ಕಪ್ಪು ಗೆರೆಯಾಗಿ ಉಳಿಯುತ್ತದೆ. ಆದ್ದರಿಂದ ಹ್ಯಾಚರಿಯವರು ಗೊತ್ತುಪಡಿಸಿದ ಕ್ರಮದಲ್ಲಿ ನೀರನ್ನು ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ ಗೆರೆಗಳ ಒಂದು ಸಂಕೇತ ಬರೆಯುತ್ತಾರೆ. ಮೂರು ಗೆರೆ, ಒಂದು ಅಂತರ, ಮತ್ತೆ ಎರಡು ಗೆರೆ, ಹೀಗೆ. ಪ್ರತಿ ಹ್ಯಾಚರಿಗೂ ಬೇರೆ ಬೇರೆ ಸಂಕೇತ. ಒಂದು ಮರಿಯನ್ನೂ ಕೈಯಲ್ಲಿ ಹಿಡಿಯದೆ, ಸೂಜಿ ಚುಚ್ಚದೆ, ರೆಕ್ಕೆ ಕತ್ತರಿಸದೆ ಕೋಟಿಗಟ್ಟಲೆ ಮೀನಿಗೆ ಒಮ್ಮೆಲೇ ಗುರುತು ಹಾಕಿದಂತಾಯಿತು. ಪ್ರಿನ್ಸ್ ವಿಲಿಯಂ ಸೌಂಡ್‌ನ ಪಿಂಕ್ ಮರಿಗಳಿಗೆಲ್ಲ 1990ರ ದಶಕದ ನಡುವಿನಿಂದ ಈ ಗುರುತು ಬೀಳುತ್ತಿದೆ. ದೊಡ್ಡದಾಗಿ ಬಲೆಗೆ ಬಿದ್ದ ಮೀನಿನ ತಲೆಯಿಂದ ಕೆಲವೇ ಮಿಲಿಮೀಟರಿನ ಆ ಕಲ್ಲನ್ನು ತೆಗೆದು, ಗಾಜಿನ ಮೇಲೆ ಅಂಟಿಸಿ, ನಡುಭಾಗ ಕಾಣುವವರೆಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದು ಯಾವ ಕೊಲ್ಲಿಯ ಯಾವ ಕತ್ತಲ ಕೋಣೆಯಲ್ಲಿ ಹುಟ್ಟಿತ್ತೆಂದು ತಿಳಿಯುತ್ತದೆ. ಗುರುತು ಮೂಡಿಸುವ ದಿನಗಳಲ್ಲಿ ಗಡಿಯಾರ ನೋಡಿಕೊಂಡು ಕವಾಟ ತಿರುಗಿಸುವವರಿಗೆ ನಿದ್ದೆಯಿಲ್ಲ. ಒಂದು ಸರದಿ ತಪ್ಪಿದರೆ ಆ ವರ್ಷದ ಸಂತತಿಯೆಲ್ಲ ತಪ್ಪು ಗೆರೆ ಹೊತ್ತುಕೊಂಡೇ ಬೆಳೆಯುತ್ತದೆ.

ಅಲಾರಂ ಈ ಬದುಕಿನ ದೊಡ್ಡ ಸಂಗತಿ. ನೀರಿನ ಮಟ್ಟ ಇಳಿದರೆ, ವಿದ್ಯುತ್ ಹೋದರೆ, ಪಂಪು ನಿಂತರೆ ಗಂಟೆ ಹೊಡೆಯುತ್ತದೆ. ಸರದಿಯ ಮೇಲೆ ಒಬ್ಬರು ಸದಾ ಎಚ್ಚರ. ಪೈಪಿನ ಬಾಯ ಜಾಲರಿಗೆ ಎಲೆ, ಕೊಂಬೆ ಸಿಕ್ಕಿಕೊಳ್ಳುತ್ತವೆ. ಕಡು ಚಳಿಯ ರಾತ್ರಿ ಮಂಜುಗಡ್ಡೆಯ ಹರಳು ಜಾಲರಿಗೆ ಕಟ್ಟಿಕೊಳ್ಳುತ್ತದೆ. ಆಗ ಸಲಿಕೆ ಹಿಡಿದು, ಹಿಮದಲ್ಲಿ ಸೊಂಟದವರೆಗೆ ಹೂತು ನಡೆದು, ಜಾಲರಿ ಬಿಡಿಸಬೇಕು. ಹಲವು ಹ್ಯಾಚರಿಗಳಲ್ಲಿ ಅದೇ ನೀರು ಚಕ್ರ ತಿರುಗಿಸಿ ವಿದ್ಯುತ್ತನ್ನೂ ಕೊಡುತ್ತದೆ. ನೀರು ಹೋದರೆ ದೀಪವೂ ಹೋಯಿತು, ಮನೆಯ ಬಿಸಿಯೂ ಹೋಯಿತು. ಡೀಸೆಲ್ ಜನರೇಟರು ತಕ್ಷಣ ಚಾಲೂ ಆಗಬೇಕು. ಹಾಗಾಗಿ ಇಲ್ಲಿರುವವರು ಮೀನಿನ ಕೆಲಸದಷ್ಟೇ ಪೈಪು ಬೆಸೆಯುವುದನ್ನು, ಎಂಜಿನ್ ಬಿಚ್ಚುವುದನ್ನು, ದೋಣಿ ನಡೆಸುವುದನ್ನು, ಗಾಯಕ್ಕೆ ಹೊಲಿಗೆ ಹಾಕುವುದನ್ನು ಬಲ್ಲವರಾಗಿರಬೇಕು. ಮೆಕ್ಯಾನಿಕ್ ಕರೆಸೋಣವೆಂದರೆ ವಿಮಾನ ಇಳಿಯುವಂಥ ಹವೆ ಬರಬೇಕು.

ಅಂಥ ಹವೆಗಾಗಿ ದಿನಗಟ್ಟಲೆ ಕಾಯುವುದುಂಟು. ಈ ಕರಾವಳಿಯುದ್ದಕ್ಕೂ ಮಳೆಯ ಸೀಮೆ. ಆಗ್ನೇಯ ಅಲಾಸ್ಕಾದ ಬಾರನಾಫ್ ದ್ವೀಪದ ಲಿಟ್ಲ್ ಪೋರ್ಟ್ ವಾಲ್ಟರ್ ಎಂಬಲ್ಲಿ 1934ರಲ್ಲಿ ಸಾಲ್ಮನ್ ಸಂಶೋಧನಾ ಠಾಣೆ ಶುರುವಾಯಿತು. ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ, ಹಿಮ ಸುರಿಯುತ್ತದೆ. ಅರವತ್ತನೆಯ ಅಕ್ಷಾಂಶದ ಇವಾನ್ಸ್ ದ್ವೀಪದಲ್ಲಿ ಡಿಸೆಂಬರ್ ಕೊನೆಗೆ ಹಗಲು ಆರು ಗಂಟೆಯೂ ತುಂಬುವುದಿಲ್ಲ, ಬೆಟ್ಟದ ನೆರಳಿನಲ್ಲಿರುವ ಕೊಲ್ಲಿಗೆ ಬಿಸಿಲೇ ಬೀಳದ ವಾರಗಳಿವೆ. ಟಪಾಲು, ತರಕಾರಿ, ಹಾಲು ಎಲ್ಲವೂ ವಿಮಾನದ ಕೃಪೆ. ಅಕ್ಕಿ, ಹಿಟ್ಟು, ಡಬ್ಬಿ ಆಹಾರವನ್ನು ತಿಂಗಳುಗಳ ಲೆಕ್ಕದಲ್ಲಿ ಮೊದಲೇ ತರಿಸಿಟ್ಟುಕೊಳ್ಳುತ್ತಾರೆ. ಕುಟುಂಬ ಸಮೇತ ಇರುವವರ ಮಕ್ಕಳು ಮನೆಯಲ್ಲೇ ಓದುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರೇ ಪಕ್ಕದ ಮನೆಯವರು, ಅವರೇ ಊಟದ ಜೊತೆಗಾರರು, ಜಗಳವಾದರೂ ಅವರೊಡನೆಯೇ. ಜಗಳವಾಡಿ ಎದ್ದು ಹೋಗಲು ಬೇರೆ ಜಾಗವಿಲ್ಲ. ಒಂಟಿತನ ಸಹಿಸಲಾರದೆ ಒಂದೇ ಚಳಿಗಾಲಕ್ಕೆ ಬಿಟ್ಟುಹೋಗುವವರಿದ್ದಾರೆ. ಇಪ್ಪತ್ತು ವರ್ಷ ಉಳಿದವರೂ ಇದ್ದಾರೆ.

ಚಳಿಗಾಲದ ನಡುವೆ ಮೊಟ್ಟೆ ಒಡೆಯುತ್ತದೆ. ಹೊಟ್ಟೆಯ ಕೆಳಗೆ ಕಿತ್ತಳೆ ಭಂಡಾರದ ಚೀಲ ಹೊತ್ತ ಎಳೆ ಮರಿಗಳು ಪೆಟ್ಟಿಗೆಯ ತಳದ ಪ್ಲಾಸ್ಟಿಕ್ ಹಾಸಿನ ಸಂದುಗಳಲ್ಲಿ ಆತುಕೊಂಡು ಕೂರುತ್ತವೆ. ಹೊಳೆಯ ಕಲ್ಲುಗಳ ಸಂದು ಸಿಕ್ಕಂತೆ ಇರಬೇಕೆಂದು ಆ ಹಾಸು. ಬರಿಯ ತಳದಲ್ಲಿ ಬಿಟ್ಟರೆ ನೆಲೆ ಸಿಗದೆ ಈಜಾಡಿ ಈಜಾಡಿ ಭಂಡಾರವನ್ನೆಲ್ಲ ಸುಟ್ಟುಕೊಳ್ಳುತ್ತವೆ. ಮಾರ್ಚ್ ಹೊತ್ತಿಗೆ ಚೀಲ ಬತ್ತಿ ಹೊಟ್ಟೆ ಮುಚ್ಚಿಕೊಂಡ ಮರಿಗಳು ತಾವಾಗಿಯೇ, ಹೆಚ್ಚಾಗಿ ರಾತ್ರಿಯ ಹೊತ್ತು, ಮೇಲೆದ್ದು ಪೈಪಿನ ಮೂಲಕ ಸಮುದ್ರದ ಬಲೆಪಂಜರಕ್ಕೆ ಹರಿದು ಹೋಗುತ್ತವೆ. ದಾರಿಯಲ್ಲಿ ಎಲೆಕ್ಟ್ರಾನಿಕ್ ಎಣಿಕೆ ಯಂತ್ರ ಅವನ್ನು ಲೆಕ್ಕ ಹಿಡಿಯುತ್ತದೆ. ಒಂದೊಂದು ಮರಿ ಸುಮಾರು ಮೂರು ಸೆಂಟಿಮೀಟರ್ ಉದ್ದ, ತೂಕ ಒಂದು ಗ್ರಾಮಿನ ಕಾಲು ಭಾಗ.

ಆಮೇಲೆ ಕೆಲವು ವಾರ ಕೈತುತ್ತು. ಹುಡಿಯಂಥ ಆಹಾರವನ್ನು ದಿನಕ್ಕೆ ಹಲವು ಸಲ ಪಂಜರದ ಮೇಲೆ ಎರಚುತ್ತ ನಡೆಯುತ್ತಾರೆ. ಏಪ್ರಿಲ್‌ನಲ್ಲೂ ಹಿಮ ಬೀಳಬಹುದು. ಪಂಜರದ ದಾರಿಯ ಮೇಲೆ ಕುಳಿತ ಹಿಮವನ್ನು ತೆಗೆಯದಿದ್ದರೆ ಭಾರಕ್ಕೆ ಎಲ್ಲ ಮುಳುಗುತ್ತದೆ. ನೀರುನಾಯಿ ಬಲೆ ಹರಿಯುತ್ತದೆ, ಕಡಲ ಹಕ್ಕಿಗಳು ಮೇಲಿನಿಂದ ಎರಗುತ್ತವೆ. ಎಲ್ಲರೂ ಕಾಯುತ್ತಿರುವುದು ಕೊಲ್ಲಿಯ ನೀರು ಬಣ್ಣ ಬದಲಿಸುವುದನ್ನು. ವಸಂತದ ಬೆಳಕಿಗೆ ಪ್ಲವಕ ಅರಳಿ, ಅದನ್ನು ತಿನ್ನುವ ಪುಟ್ಟ ಜೀವಿಗಳು ತುಂಬಿಕೊಂಡಾಗ ಮರಿ ಬಿಟ್ಟರೆ ಅವಕ್ಕೆ ಹೊರಗೆ ಊಟವಿರುತ್ತದೆ. ಮೊದಲೇ ಬಿಟ್ಟರೆ ಹಸಿವು, ತಡವಾದರೆ ಶತ್ರುಗಳ ಬಾಯಿ.

1989ರ ವಸಂತದಲ್ಲಿ ಮರಿಗಳು ಹೀಗೆ ಕಡಲಿಗಿಳಿಯುವ ಹೊತ್ತಿಗೆ ತೈಲ ಬಂತು. ಮಾರ್ಚ್ 24ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ 'ಎಕ್ಸಾನ್ ವಾಲ್ಡೀಜ್' ಹಡಗು ಬ್ಲೈ ದಿಬ್ಬಕ್ಕೆ ಬಡಿದು, ಸುಮಾರು 1.1 ಕೋಟಿ ಗ್ಯಾಲನ್, ಎಂದರೆ ನಾಲ್ಕು ಕೋಟಿ ಲೀಟರಿಗೂ ಹೆಚ್ಚು ಕಚ್ಚಾತೈಲ ಪ್ರಿನ್ಸ್ ವಿಲಿಯಂ ಸೌಂಡ್‌ಗೆ ಸುರಿಯಿತು. ಸಾಮಿಲ್ ಕೊಲ್ಲಿ ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ. ಗಾಳಿಯೂ ಪ್ರವಾಹವೂ ತೈಲವನ್ನು ಅತ್ತ ಕಡೆಗೇ ತಳ್ಳುತ್ತಿದ್ದವು. ತೈಲ ಕಂಪನಿಗಳ ಸಿದ್ಧತೆ ಕೈಕೊಟ್ಟಾಗ ಕಾರ್ಡೋವಾದ ಮೀನುಗಾರರು ತಮ್ಮ ದೋಣಿಗಳನ್ನೇ ತಂದರು. ತೇಲುವ ತಡೆಗೋಡೆಗಳನ್ನು ಕೊಲ್ಲಿಯ ಬಾಯಿಗೆ ಒಂದರ ಹಿಂದೊಂದು ಅಡ್ಡ ಎಳೆದರು, ಹರಿದಾಗ ಕಟ್ಟಿದರು, ಒಳನುಸುಳಿದ್ದನ್ನು ಬಕೆಟ್ಟಿನಲ್ಲಿ ಮೊಗೆದರು. ಎಸ್ತರ್ ದ್ವೀಪದ ಮತ್ತು ಮೇನ್ ಬೇಯ ಹ್ಯಾಚರಿಗಳಿಗೂ ಹೀಗೆಯೇ ಬೇಲಿ ಹಾಕಿದರು. ಇವಾನ್ಸ್ ದ್ವೀಪದ ಸುತ್ತಮುತ್ತಲಿನ ದಡ ಕಪ್ಪಾಯಿತು. ಹ್ಯಾಚರಿಯ ಮರಿಗಳು ಉಳಿದುಕೊಂಡವು. ಆ ದಿನಗಳ ಬಗ್ಗೆ ಓದುವಾಗಲೆಲ್ಲ ನನಗೆ ಕಾಣುವುದು ಒಂದೇ: ಆ ಜನ ಕಾಪಾಡಿದ್ದು ತಮ್ಮ ಮುಂದಿನ ವರ್ಷದ ಸಂಪಾದನೆಯನ್ನು ಮಾತ್ರವಲ್ಲ, ತಾವೇ ಹದಿನೈದು ವರ್ಷ ಹಣ ಹಾಕಿ ಬೆಳೆಸಿದ್ದನ್ನು. 1992 ಮತ್ತು 1993ರಲ್ಲಿ ಸೌಂಡ್‌ಗೆ ಮರಳಬೇಕಿದ್ದ ಪಿಂಕ್ ಸಾಲ್ಮನ್ ಕುಸಿದುಬಿದ್ದಾಗ ಅದೇ ಮೀನುಗಾರರು ವಾಲ್ಡೀಜ್ ಬಂದರಿನ ಕಿರುದಾರಿಗೆ ದೋಣಿ ಅಡ್ಡ ನಿಲ್ಲಿಸಿ ತೈಲ ಹಡಗುಗಳನ್ನು ತಡೆದರು.

ಮರಿ ಬಿಡುವ ದಿನ ದೊಡ್ಡ ಸಮಾರಂಭವೇನಿಲ್ಲ. ಬಲೆಯ ಒಂದು ಅಂಚನ್ನು ಇಳಿಸುತ್ತಾರೆ, ಸಾಧ್ಯವಾದಷ್ಟು ಕತ್ತಲಲ್ಲಿ, ಇಳಿತದ ನೀರು ನೋಡಿಕೊಂಡು. ಹೊರಗೆ ಕಾಯುತ್ತಿರುವವರಿಗೆ ಇದು ಚೆನ್ನಾಗಿ ಗೊತ್ತು. ಬಾರನಾಫ್ ದ್ವೀಪದ ಹ್ಯಾಚರಿಗಳ ಮುಂದೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಬಿಡುವ ಹೊತ್ತಿಗೆ ಸರಿಯಾಗಿ ಬರುವುದನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದ್ದಾರೆ. ಕೆಲವು ತಿಮಿಂಗಿಲಗಳು ಉಸಿರಿನ ಗುಳ್ಳೆಗಳ ಬಲೆ ಕಟ್ಟಿ, ಅದರೊಳಗೆ ತಮ್ಮ ಉದ್ದನೆಯ ಮುಂದಿನ ರೆಕ್ಕೆಗಳಿಂದ ಮರಿಗಳನ್ನು ಬಾಯಿಯತ್ತ ಸೇರಿಸಿಕೊಳ್ಳುತ್ತವೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಮೇಲಿನಿಂದ ತೆಗೆದ ಚಿತ್ರಗಳ ಸಮೇತ ತೋರಿಸಿತು. ಎಂಟು ತಿಂಗಳು ಎದ್ದು ಬಿದ್ದು ಕಾಯ್ದ ಮರಿಗಳು ಹಾಗೆ ಹೋಗುವುದನ್ನು ದಡದಲ್ಲಿ ನಿಂತು ನೋಡಬೇಕು. ತಪ್ಪಿಸಿಕೊಂಡವುಗಳಲ್ಲಿ ನೂರಕ್ಕೆ ಕೆಲವು ಮಾತ್ರ ದೊಡ್ಡದಾಗಿ ಹಿಂದಿರುಗುತ್ತವೆ. ಆ ಕೆಲವೇ ಸಾಕು.

ಹಿಂದಿರುಗಿದ ಮೀನು ಹ್ಯಾಚರಿಯ ಸೊತ್ತಲ್ಲ. ಅಲಾಸ್ಕಾ ಸಂವಿಧಾನದ 8ನೇ ವಿಧಿ ಮೀನನ್ನು ಜನರೆಲ್ಲರ ಬಳಕೆಗೆಂದು ಕಾದಿಟ್ಟಿದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಬಲೆಗೆ ಸಿಗುವ ಸಾಲ್ಮನ್ ಪ್ರಮಾಣ ಪಾತಾಳಕ್ಕಿಳಿಯಿತು. ರಾಜ್ಯ ಸರಕಾರ ಮೀನುಗಾರಿಕೆಯ ಪರವಾನಗಿಗೆ ಮಿತಿ ಹಾಕಿತು. 1974ರಲ್ಲಿ ಲಾಭದ ಉದ್ದೇಶವಿಲ್ಲದ ಖಾಸಗಿ ಹ್ಯಾಚರಿಗಳಿಗೆ ಅವಕಾಶ ಕೊಡುವ ಕಾನೂನು ಬಂತು. ಅದೇ ವರ್ಷ ಕಾರ್ಡೋವಾದವರು ತಮ್ಮ ಸಂಸ್ಥೆ ಕಟ್ಟಿದರು. ಮೀನುಗಾರರು ಹಿಡಿದ ಮೀನಿನ ಬೆಲೆಯಲ್ಲಿ ಒಂದು ಸಣ್ಣ ಪಾಲನ್ನು ತೆರಿಗೆಯಾಗಿ ಕೊಡುತ್ತಾರೆ, ಮರಳಿ ಬಂದ ಮೀನಿನಲ್ಲಿ ಒಂದು ಭಾಗವನ್ನು ಹ್ಯಾಚರಿ ಮಾರಿ ಖರ್ಚು ತೂಗಿಸುತ್ತದೆ. ಮಿಕ್ಕದ್ದು ಬಲೆ ಹಾಕಿದವರಿಗೆ. ಸಾಲ್ಮನ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೆಂಗಳೂರಿನ ಅಂಗಡಿಯಲ್ಲಿ ದೊರೆಯುವ ನಾರ್ವೆಯ ಪಂಜರದ ಮೀನು. ಅಂಥ ಸಾಕಣೆಯನ್ನು ಅಲಾಸ್ಕಾ 1990ರಲ್ಲಿ ಕಾನೂನಿನಿಂದಲೇ ನಿಷೇಧಿಸಿದೆ. ಸಾಕಿ ಕಡಲಿಗೆ ಬಿಡಬಹುದು, ಕೊನೆಯವರೆಗೆ ಕೂಡಿಹಾಕಿ ಬೆಳೆಸುವಂತಿಲ್ಲ.

ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಮೆಚ್ಚಿಕೊಂಡೇ ಕೇಳಬೇಕಾದ ಪ್ರಶ್ನೆಯೂ ಇದೆ. ಅಲಾಸ್ಕಾದ ಹ್ಯಾಚರಿಗಳೆಲ್ಲ ಸೇರಿ ಈಗ ವರ್ಷಕ್ಕೆ 150 ಕೋಟಿಗೂ ಹೆಚ್ಚು ಮರಿ ಬಿಡುತ್ತವೆ. ಜಪಾನ್, ರಷ್ಯಾಗಳೂ ಅದೇ ಕಡಲಿಗೆ ಬಿಡುತ್ತವೆ. ಪಿಂಕ್ ಸಾಲ್ಮನ್ ಹೆಚ್ಚಾಗಿರುವ ಬೆಸ ವರ್ಷಗಳಲ್ಲಿ ಬೇರಿಂಗ್ ಸಮುದ್ರದ ಕೆಲವು ಕಡಲಹಕ್ಕಿಗಳು ಸರಿಯಾಗಿ ಮರಿ ಮಾಡುವುದಿಲ್ಲವೆಂದು ಅಲನ್ ಸ್ಪ್ರಿಂಗರ್ ಮತ್ತು ಗಸ್ ವಾನ್ ವ್ಲಿಯೆಟ್ 2014ರಲ್ಲಿ ಬರೆದರು. ಕಡಲು ದೊಡ್ಡದು, ಆದರೆ ಅಲ್ಲಿನ ಊಟಕ್ಕೂ ಮಿತಿಯಿದೆ. ಇನ್ನು ದಾರಿ ತಪ್ಪಿದ ಮೀನಿನ ವಿಷಯ. ಹ್ಯಾಚರಿಯಲ್ಲಿ ಹುಟ್ಟಿದ ಪಿಂಕ್‌ಗಳಲ್ಲಿ ಒಂದಷ್ಟು ಕಾಡುಹಳ್ಳಗಳನ್ನು ಹೊಕ್ಕು ಅಲ್ಲಿನ ಮೀನಿನೊಂದಿಗೆ ಕೂಡುತ್ತವೆ. 2017ರಲ್ಲಿ ಬಹುದೂರದ ಹೋಮರ್ ಪಟ್ಟಣದ ಹೊಳೆಗಳಲ್ಲಿ ಸಿಕ್ಕ ಮೀನಿನ ಕಿವಿಗಲ್ಲಿನಲ್ಲಿ ಪ್ರಿನ್ಸ್ ವಿಲಿಯಂ ಸೌಂಡ್‌ನ ಗೆರೆಗಳು ಕಂಡವು. ಹೀಗೆ ಹಳ್ಳ ಸೇರಿದ ಹ್ಯಾಚರಿ ಮೀನಿಗೆ ಹುಟ್ಟುವ ಸಂತಾನದಲ್ಲಿ ಬದುಕಿ ಮರಳುವವು ಅಲ್ಲಿನದೇ ಮೀನಿನ ಸಂತಾನಕ್ಕಿಂತ ಕಡಿಮೆಯೆಂದು, ರಾಜ್ಯ ಸರಕಾರ ಮತ್ತು ಹ್ಯಾಚರಿಗಳೇ ಸೇರಿ ಹಣ ಹಾಕಿದ ಸಂಶೋಧನೆ ತೋರಿಸಿದೆ. ದುರ್ಬಲ ರಕ್ತ ಹಳ್ಳದ ಮೀನಿಗೆ ಬೆರೆಯುತ್ತ ಹೋದರೆ ಏನಾದೀತು?

2018ರಲ್ಲಿ ವಾಲ್ಡೀಜ್‌ನ ಹ್ಯಾಚರಿಗೆ ಎರಡು ಕೋಟಿ ಹೆಚ್ಚುವರಿ ಮೊಟ್ಟೆಗೆ ಅನುಮತಿ ದೊರೆತಾಗ ವಿರೋಧದ ಅರ್ಜಿ ಬಿತ್ತು. ರಾಜ್ಯದ ಮೀನುಗಾರಿಕಾ ಮಂಡಳಿ ಅದನ್ನು ತಡೆಯಲಿಲ್ಲ. ತಡೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕಾಡುಹಳ್ಳಗಳ ಲೆಕ್ಕ ಪೂರ್ತಿಯಾಗುವ ತನಕ ಮೊಟ್ಟೆಯ ಮಿತಿ ಇದ್ದಲ್ಲೇ ಇರಲಿ. ಆ ಲೆಕ್ಕ ಸಿಗುವುದೂ ಹ್ಯಾಚರಿಯವರು ನಿದ್ದೆಗೆಟ್ಟು ಬರೆದ ಗೆರೆಗಳಿಂದಲೇ. ಆ ಕಾರಣಕ್ಕೆ ಇದು ಹ್ಯಾಚರಿಯ ಕೆಲಸಗಾರರ ವಿರುದ್ಧದ ಮಾತಲ್ಲ. ಅವರು ಮೇಜಿನ ಮುಂದೆ ನಿಂತು ಮೊಟ್ಟೆ ತೆಗೆಯುವ ಅದೇ ವಾರಗಳಲ್ಲಿ ಇನ್ನೊಂದು ತಂಡ ಸೌಂಡ್‌ನ ಹಳ್ಳಹಳ್ಳಗಳಲ್ಲಿ ನಡೆದು, ಮೊಟ್ಟೆಯಿಟ್ಟು ಸತ್ತ ಮೀನುಗಳ ತಲೆಯಿಂದ ಕಿವಿಗಲ್ಲು ತೆಗೆದು ಪುಟ್ಟ ತಟ್ಟೆಗಳ ಕುಳಿಗಳಲ್ಲಿ ಇಟ್ಟುಕೊಂಡು ಬಂದಿದೆ. ಕರಡಿಗಳು ಓಡಾಡುವ ದಡದಲ್ಲಿ, ಕೊಳೆತ ಮೀನಿನ ನಡುವೆ, ಮಳೆಯಲ್ಲಿ ಮಾಡುವ ಕೆಲಸ ಅದು. ಮರಿ ಸಾಕುವುದಕ್ಕೆ ಹಣ ಹೊಂದಿಸುವವರು ಈ ನಡಿಗೆಗೂ ಪ್ರತಿ ವರ್ಷ ಹಣ ಹೊಂದಿಸಬೇಕು. ಇಷ್ಟು ಮರಿ ಬಿಟ್ಟೆವು ಎಂಬ ಲೆಕ್ಕದ ಪಕ್ಕದಲ್ಲೇ, ಅವುಗಳಲ್ಲಿ ಎಷ್ಟು ಯಾವ ಹಳ್ಳಕ್ಕೆ ಹೋದವು ಎಂಬುದನ್ನೂ ಅದೇ ವರದಿಯಲ್ಲಿ ಬರೆಯಬೇಕು.